ಬಸ್ರಾದ ಕುರ್ಚಿ

ವಾಸುವಿಗೆ ಬಸ್ರಾಕ್ಕೆ ವರ್ಗವಾಗುತ್ತದೆಂಬ ಸುದ್ದಿ ಬೊಕ್ಕಪಟ್ಣದ ಆ ಮನೆಗೆ ಬಂದ ದಿನ ಊಟಕ್ಕೆ ಅನ್ನ ಕಡಿಮೆ ಬಿತ್ತು. ಅವನ ತಾಯಿ ಮೋಹಿನಿ ದಿನಾ ಅಳೆಯುವ ಸೇರಿನಲ್ಲೇ ಕುಚ್ಚಲಕ್ಕಿ ಅಳೆದಿದ್ದಳು. ಉಣ್ಣುವವರೂ ದಿನದವರೇ. ಆದರೂ ಎಲ್ಲರಿಗೂ ಬಡಿಸಿ ತಾನು ಕೂರುವ ಹೊತ್ತಿಗೆ ಅವಳ ಪಾಲಿಗೆ ಉಳಿದದ್ದು ಗಂಜಿತಿಳಿ ಮತ್ತು ಒಂದು ಚೂರು ಒಣಮೀನು. ಗಂಡ ಚೆನ್ನಪ್ಪ, ಹೆರಿಗೆಗೆಂದು ಉಳ್ಳಾಲದಿಂದ ತವರಿಗೆ ಬಂದಿದ್ದ ಮಗಳು ಹರಿಣಾಕ್ಷಿಯ ಕಡೆ ನೋಡಿ ನಕ್ಕು, ಬಸುರಿ ಇರುವ ಮನೆಯಲ್ಲಿ ಒಂದು ಹಿಡಿ ಹೆಚ್ಚು ಹಾಕಬೇಕೆಂದು ಹೆಂಡತಿಗೆ ಬುದ್ಧಿ ಹೇಳಿದ. ಹರಿಣಾಕ್ಷಿಗೆ ಸಿಟ್ಟು ಬಂತು. ಎದೆಯುರಿಯಿಂದಾಗಿ ಅವಳು ಆ ದಿನ ಎರಡು ತುತ್ತೂ ಉಂಡಿರಲಿಲ್ಲ. ಮೋಹಿನಿಯ ತಾಯಿ ಮುದ್ದು, ಆ ಮನೆಗೆ ಹಿರಿಯಳು, ಯಾರ ಮಾತಿಗೂ ಸೇರದೆ ತನ್ನ ಬಟ್ಟಲನ್ನು ಮಗಳ ಮುಂದೆ ಸರಿಸಿ ಎದ್ದಳು.

ಬೊಕ್ಕಪಟ್ಣದ ಮೊಗವೀರರ ಸಾಲಿನಲ್ಲಿ ಆಗ ಹೆಂಚು ಹೊದಿಸಿದ ಮನೆಗಳು ಬೆರಳೆಣಿಕೆಯವು. ಉಳಿದವೆಲ್ಲ ತೆಂಗಿನ ಮಡಲು ಹೊದಿಸಿದ ಮನೆಗಳು. ಈ ಮನೆಗೆ ಹೆಂಚು ಬಂದದ್ದು ಚೆನ್ನಪ್ಪನ ದೋಣಿಯಿಂದಲ್ಲ, ಮೋಹಿನಿಯ ಅಣ್ಣ ಗುರುವಪ್ಪನ ಸಂಬಳದಿಂದ. ಅಳಿಯಕಟ್ಟಿನ ಮನೆತನ ಅದು. ಮಾವನದು ಅಳಿಯನಿಗೆ ಸೇರುತ್ತದೆಯೇ ಹೊರತು ಅಪ್ಪನದು ಮಗನಿಗಲ್ಲ. ಹೆಂಡತಿಯ ಮನೆಯಲ್ಲಿ ಬಂದು ನಿಂತ ಚೆನ್ನಪ್ಪ, ತಾನು ಈ ಮನೆಯ ಕಂಬಕ್ಕೆ ಕಟ್ಟಿದ ದೋಣಿ ಎಂದು ಕಂಡವರಲ್ಲಿ ಹೇಳಿ ನಗುತ್ತಿದ್ದ.

ಗುರುವಪ್ಪ ಬಲ್ಮಠದ ಕಡೆ ಶಾಲೆಗೆ ಹೋಗಿ ಓದಿದವನು. ಹೆಂಚು, ಕಾಫಿ, ಏಲಕ್ಕಿಗಳನ್ನು ಹಡಗಿಗೇರಿಸುವ ಬಂದರಿನ ದಕ್ಕೆ ಕಂಪೆನಿಯಲ್ಲಿ ಕ್ಯಾಷಿಯರ್ ಆಗಿದ್ದು, ಜರ್ಮನ್ ಯುದ್ಧ ಮುಗಿದ ಮೇಲೆ ಅದರ ಬಸ್ರಾ ಆಫೀಸಿಗೆ ಹೋದ. ಮದುವೆಯಾಗಿರಲಿಲ್ಲ. ಸಂಬಳ ಐವತ್ತು, ಅದರಲ್ಲಿ ಇಪ್ಪತ್ತನ್ನು ಕಂಪೆನಿಯೇ ಊರಿನಲ್ಲಿ ಅವನ ಮನೆಗೆ ಮುಟ್ಟಿಸಬೇಕೆಂದು ಮಾತಾಗಿತ್ತು. ಎರಡು ವರ್ಷ ಹಣವೂ ಬಂತು, ಕಾಗದವೂ ಬಂತು. ಆಮೇಲಿನ ಹನ್ನೊಂದು ವರ್ಷ ಹಣ ಮಾತ್ರ ಬಂತು. ಇಂಗ್ಲಿಷ್ ತಿಂಗಳ ಮೊದಲ ವಾರ ಕಂಪೆನಿಯ ಜವಾನ ಇಸಿದೋರ್ ಕೊಡೆ ಮಡಚಿ ಜಗಲಿಯ ತುದಿಯಲ್ಲಿ ಕೂತು, ನೀರು ಕುಡಿದು, ನೋಟುಗಳನ್ನು ಮುದ್ದುವಿನ ಕೈಯಲ್ಲಿಟ್ಟು ಹೋಗುತ್ತಿದ್ದ. ಮಗ ಹೇಗಿದ್ದಾನೆಂದು ಅವಳು ಕೇಳುತ್ತಿದ್ದಳು. ಬಸ್ರಾದ ಲೆಕ್ಕ ಸರಿಯಾಗಿ ಬರುತ್ತಿದೆ ಎಂದು ಅವನು ಹೇಳುತ್ತಿದ್ದ. ಅದಕ್ಕಿಂತ ಹೆಚ್ಚು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ಮಳೆಗೆ ಕಡಲು ಮುಚ್ಚಿದ ಆಟಿ ತಿಂಗಳಲ್ಲಿ ಆ ಸಾಲಿನ ಎಲ್ಲ ಮನೆಗಳಲ್ಲೂ ತೀರಿಹೋದವರಿಗೆ ಒಳಕೋಣೆಯಲ್ಲಿ ಎಲೆ ಹಾಕಿ ಬಡಿಸುತ್ತಾರೆ. ಮುದ್ದು ತನ್ನ ಗಂಡನಿಗೆ ಬಡಿಸುತ್ತಿದ್ದಳು, ತಾಯಿಗೆ ಬಡಿಸುತ್ತಿದ್ದಳು. ಗುರುವಪ್ಪನಿಗೂ ಬೊಜ್ಜದ ಉತ್ತರಕ್ರಿಯೆ ಮುಗಿಸಿ ಒಂದು ಎಲೆ ಹಾಕಬಾರದೇ ಎಂದು ನೆರೆಯವರು ಒಮ್ಮೆ ಕೇಳಿದ್ದಕ್ಕೆ, ಸಂಬಳ ಬರುವವನು ಸತ್ತಿರುವುದಿಲ್ಲ ಎಂದು ಹೇಳಿ ಅವರನ್ನು ಮೆಟ್ಟಿಲಿನಿಂದಲೇ ಕಳಿಸಿದ್ದಳು. ಮನೆಯವರೂ ಎದುರಾಡಲಿಲ್ಲ. ಹಣ ಎಂದರೆ ಹೆಣವೂ ಬಾಯಿ ಬಿಡುತ್ತದೆ ಎನ್ನುತ್ತಾರೆ. ಈ ಮನೆಯಲ್ಲಿ ಅದೇ ಹಣ ಬದುಕಿದ್ದ ಐದು ಬಾಯಿಗಳನ್ನು ಮುಚ್ಚಿಸಿತ್ತು.

ಈಗ ಅದೇ ಕಂಪೆನಿಯಲ್ಲಿ ಹದಿನೆಂಟು ರೂಪಾಯಿಗೆ ಎರಡು ವರ್ಷದಿಂದ ಲೆಕ್ಕ ನಕಲು ಮಾಡುತ್ತಿದ್ದ ವಾಸುವನ್ನು ಏಜೆಂಟರು ಕರೆದು, ಬಸ್ರಾಕ್ಕೆ ಹೋಗುತ್ತೀಯಾ, ಎಷ್ಟು ಬೇಕೆಂದು ಯೋಚಿಸಿ ಹೇಳು ಎಂದಿದ್ದರು. ವಾಸುವಿಗೆ ಖುಷಿಯೋ ಖುಷಿ. ಅಲ್ಲಿ ಮಾವ ಇದ್ದಾರೆ, ಅವರಿಗೆ ಇನ್ನೂ ದೊಡ್ಡ ಕೆಲಸ ಸಿಕ್ಕಿರಬೇಕು, ಅವರ ಜಾಗಕ್ಕೆ ತನ್ನನ್ನು ಕರೆಯುತ್ತಿದ್ದಾರೆ ಎಂದು ಅವನು ತಾನೇ ಲೆಕ್ಕ ಹಾಕಿಕೊಂಡ. ಮಾವನಿಗೆ ಐವತ್ತು ಇತ್ತು, ತನಗೆ ಅರವತ್ತು ಕೇಳಿದರೆ ಹೆಚ್ಚಾಗಲಾರದು ಎಂದ. ಚೆನ್ನಪ್ಪನಿಗೆ ಇದು ಹಿಡಿಸಲಿಲ್ಲ. ದಕ್ಕೆಯಲ್ಲಿ ಮೀನು ಏಲಂ ಕೂಗುವುದನ್ನು ನೋಡಿಯೂ ಬುದ್ಧಿ ಬಾರದ ಮಗ ಎಂದು ಬೈದ. ಎಂಬತ್ತು ಕೂಗಿದರೆ ಅರವತ್ತಕ್ಕೆ ನಿಲ್ಲುತ್ತದೆ, ಅರವತ್ತು ಕೂಗಿದರೆ ನಲವತ್ತಕ್ಕೆ ಮುಳುಗುತ್ತದೆ ಎಂಬುದು ಅವನ ಅರ್ಥಶಾಸ್ತ್ರ. ಮೋಹಿನಿ ಹುರುಳಿ ಚಟ್ನಿ ಅರೆಯುತ್ತಿದ್ದವಳು ಕಲ್ಲು ನಿಲ್ಲಿಸಿ, ಹೋಗುವುದೇ ಬೇಡ ಎಂದಳು. ಅವಳ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಏಜೆಂಟ್ ಲಿಗೋರಿ ಪೊರ್ಬುಗಳು ಮೃದು ಮಾತಿನ ಮುದುಕರು. ಎಂಥ ಸೆಕೆಯಲ್ಲೂ ಕಪ್ಪು ಕೋಟು ತೆಗೆಯುತ್ತಿರಲಿಲ್ಲ. ವಾಸು ಅವರ ಮುಂದೆ ನಿಂತು ಅರವತ್ತು ಎಂದ. ಅವರು ನಶ್ಯದ ಡಬ್ಬಿ ಮುಚ್ಚಿ, ಎಪ್ಪತ್ತು ಮಾಡುವ ಎಂದರು. ಅಷ್ಟೇ. ವಾಸು ಹಿಂದಿನ ಇರುಳೆಲ್ಲ ಕಲಿತು ತಂದಿದ್ದ ವಾದಗಳೆಲ್ಲ ಬಾಯಲ್ಲೇ ಉಳಿದವು.

ಬರುವಾಗ ಅವನು ಬಂದರಿನಲ್ಲಿ ಹಲ್ವ ಕಟ್ಟಿಸಿಕೊಂಡು ಬಂದ. ಚೆನ್ನಪ್ಪ ಹಲ್ವ ತಿನ್ನುತ್ತಲೇ ಮಗನನ್ನು ಬೈದ. ಅಷ್ಟು ಸುಲಭಕ್ಕೆ ಒಪ್ಪಿದರೆಂದರೆ ಇವನು ತೀರಾ ಕಡಿಮೆ ಕೇಳಿದ್ದಾನೆಂದೇ ಅರ್ಥ ಎಂದ. ಮುದ್ದು ಹಲ್ವ ಮುಟ್ಟಲಿಲ್ಲ.

"ಕೇಳಿದ್ದಕ್ಕಿಂತ ಹೆಚ್ಚು ಕೊಡುವವರು ಎಂತ ಕೊಂಡುಕೊಳ್ತಿದ್ದಾರೆ ಅಂತ ಮೊದಲು ನೋಡ್ಬೇಕು" ಎಂದಳು.

ಆ ವಾರ ಅನ್ನ ದಿನಾ ಕಡಿಮೆ ಬಿತ್ತು. ಮೋಹಿನಿ ಒಂದು ಹಿಡಿ ಹೆಚ್ಚು ಹಾಕಿದಳು, ಎರಡು ಹಿಡಿ ಹಾಕಿದಳು. ಹಾಕಿದಷ್ಟೂ ಒಬ್ಬರ ಪಾಲಿನದು ಸಾಲದೆ ಬರುತ್ತಿತ್ತು. ಬೆಕ್ಕು ಎಂದು ಚೆನ್ನಪ್ಪ ಪಾತ್ರೆಯ ಮೇಲೆ ರುಬ್ಬುವ ಗುಂಡುಕಲ್ಲು ಇಟ್ಟ. ಕಲ್ಲು ಇಟ್ಟಲ್ಲೇ ಇತ್ತು, ಅನ್ನ ಇರಲಿಲ್ಲ. ಒಂದು ಮೂರುಸಂಜೆ ಅವನು ಜಗಲಿಯಲ್ಲಿ ಬಲೆಯ ಹರಕು ಹೊಲಿಯುತ್ತಿದ್ದಾಗ ಅಂಗಳದ ಮೆಟ್ಟಿಲ ಬಳಿ ಯಾರೋ ಗಂಟಲು ಸರಿಮಾಡಿಕೊಂಡ ಸದ್ದಾಯಿತು. ಬನ್ನಿ ಎಂದು ಹೇಳಿ ತಲೆ ಎತ್ತಿದರೆ ಯಾರೂ ಇರಲಿಲ್ಲ. ಒಳಗೆ ಹೆಂಗಸರಿದ್ದಾರೆಂದು ಮೆಟ್ಟಿಲ ಬಳಿ ಹಾಗೆ ಕೆಮ್ಮಿ ಬರುವ ಅಭ್ಯಾಸ ಆ ಮನೆಯಲ್ಲಿ ಒಬ್ಬನಿಗೇ ಇದ್ದದ್ದು. ಚೆನ್ನಪ್ಪ ಅದನ್ನು ಹೆಂಡತಿಗೆ ಹೇಳಲಿಲ್ಲ. ಬಲೆಯನ್ನು ಸುತ್ತಿಕೊಂಡು ಒಳಗೆ ಹೋಗಿ ಕೂತ. ಅವನು ಹೆದರಿದ್ದನ್ನು ಮಕ್ಕಳು ಕಂಡದ್ದು ಅದೇ ಮೊದಲು.

ಮೋಹಿನಿಗೆ ಮಗನನ್ನು ತಡೆಯಲು ಬೇರೆ ದಾರಿ ಕಾಣಲಿಲ್ಲ. ನೂರು ರೂಪಾಯಿ ಕೇಳು, ಹೋಗಿಬರುವ ಹಡಗಿನ ಚಾರ್ಜು ಕೇಳು, ಎರಡು ವರ್ಷಕ್ಕೊಮ್ಮೆ ರಜೆ ಕೇಳು ಎಂದು ಹಟ ಹಿಡಿದಳು. ಅಷ್ಟು ದುರಾಸೆಯವನು ಬೇಡವೆಂದು ಪೊರ್ಬುಗಳೇ ಓಡಿಸಲಿ ಎಂಬುದು ಅವಳ ಲೆಕ್ಕ. ವಾಸುವಿಗೂ ಒಳಗೊಳಗೆ ಆಸೆ ಹುಟ್ಟಿತ್ತು. ಅವನು ಹೋಗಿ ನೂರು ಕೇಳಿದ. ಲಿಗೋರಿಯವರು ನೂರ ಹತ್ತು ಎಂದರು. ಚಾರ್ಜಿಗೆ ಒಪ್ಪಿದರು, ರಜೆಗೆ ಒಪ್ಪಿದರು, ತಿಂಗಳಿಗೆ ಇಷ್ಟೆಂದು ಊರಿನ ಕುಚ್ಚಲಕ್ಕಿಯನ್ನೂ ಕಳಿಸಿಕೊಡುತ್ತೇವೆ ಎಂದರು. ಆ ಹೆಚ್ಚಿನ ಹತ್ತು ಸೀನಿಯಾರಿಟಿಯದು ಎಂದು ತಾವಾಗಿಯೇ ವಿವರಿಸಿದರು.

ತನಗೆ ಆಗಿರುವುದು ಎರಡೇ ವರ್ಷದ ಸರ್ವಿಸ್ ಎಂದು ವಾಸು ಪ್ರಾಮಾಣಿಕನಾಗಿ ಹೇಳಿದ.

"ಇಲ್ಲಿ ಎರಡು. ಅಲ್ಲಿ ಹನ್ನೊಂದು ಆಯ್ತಲ್ಲ" ಎಂದರು ಲಿಗೋರಿ. "ನಿಮ್ಮಲ್ಲಿ ಮಾವನದು ಅಳಿಯನಿಗೆ ಅಲ್ವಾ ವಾಸು? ಆಗ ನೀನು ಸಣ್ಣವ. ಹಾಗಾಗಿ ನಾವು ಕಾದದ್ದು. ಮನೆಗೆ ಮುಟ್ಟಬೇಕಾದದ್ದನ್ನು ಒಂದು ತಿಂಗಳೂ ತಪ್ಪಿಸ್ಲಿಲ್ಲ."

"ಹಾಗಾದರೆ ಮಾವ?"

"ಕುರ್ಚಿ ಒಂದೇ, ಸಂಬಳವೂ ಒಂದೇ ಮಾರಾಯ. ಇಬ್ಬರಿಗೆ ಎಲ್ಲಿ ಉಂಟು?"

ಅದನ್ನು ಅವರು ಎಷ್ಟು ಅಕ್ಕರೆಯಿಂದ ಹೇಳಿದರೆಂದರೆ ವಾಸು ಕೈ ಮುಗಿದು ಹೊರಗೆ ಬಂದ. ಮನೆಗೆ ಬಂದು ನೂರ ಹತ್ತರ ಸುದ್ದಿಯನ್ನು, ಹೆಚ್ಚಿನ ಹತ್ತು ಸೀನಿಯಾರಿಟಿಯದು ಎಂಬುದನ್ನು ಮಾತ್ರ ಹೇಳಿದ. ಚೆನ್ನಪ್ಪ ಬಾಯಿ ಬಿಟ್ಟು ಕೂತ. ಆ ಹಣ ಬಂದರೆ ದೊಡ್ಡ ರಂಪಣಿ ಬಲೆಯಲ್ಲಿ ಪಾಲು ಹಿಡಿಯಬಹುದು ಎಂದು ಒಂದು ಗಳಿಗೆ ಕನಸು ಕಂಡ. ಸೀನಿಯಾರಿಟಿ ಎಂದರೆ ಏನೆಂದು ಬಿಡಿಸಿ ಹೇಳಿಸಿದವಳು ಹರಿಣಾಕ್ಷಿ. ತಂಗಿಯ ಕಣ್ಣಿನ ಮುಂದೆ ಸುಳ್ಳು ಹೇಳುವುದು ವಾಸುವಿಗೆ ಯಾವತ್ತೂ ಆಗುತ್ತಿರಲಿಲ್ಲ. ಹನ್ನೊಂದು ವರ್ಷದ ಮಾತು ಹೊರಗೆ ಬಿತ್ತು. ಅಂದರೆ ಅಣ್ಣ ಹತ್ತು ವರ್ಷದವನಿದ್ದಾಗಲೇ ಕೆಲಸಕ್ಕೆ ಸೇರಿದ್ದಾನೆ, ನಾವು ಉಂಡದ್ದು ಮಾವನ ಸಂಬಳವಲ್ಲ, ಇವನದು ಎಂದು ಅವಳೇ ಕೂಡಿಸಿ ಹೇಳಿದಳು.

ಮರುದಿನ ಮೋಹಿನಿ ಬಂದರಿನ ಹಿಂದಿನ ಓಣಿಗೆ, ಹಬೀಬಾಳ ಮನೆಗೆ ಹೋದಳು. ಹಬೀಬಾಳ ಗಂಡ ಮಂಜಿ ಎಂಬ ಹಾಯಿಹಡಗಿನಲ್ಲಿ ಬಸ್ರಾದವರೆಗೆ ಹೋಗಿ ಖರ್ಜೂರ ತುಂಬಿ ತರುತ್ತಿದ್ದವನು, ತೀರಿಹೋಗಿ ನಾಲ್ಕೈದು ವರ್ಷವಾಗಿತ್ತು. ಮೋಹಿನಿ ಮದುವೆಯ ಹೊಸದರಲ್ಲಿ ಮೀನು ಬುಟ್ಟಿ ಹೊತ್ತು ಆ ಓಣಿಯಲ್ಲಿ ತಿರುಗುತ್ತಿದ್ದಾಗಿನ ಗೆಳೆತನ ಅದು. ತನ್ನ ಅಣ್ಣನ ಬಗ್ಗೆ ಗಂಡ ಏನಾದರೂ ಹೇಳಿದ್ದುಂಟಾ ಎಂದು ಮೋಹಿನಿ ನೇರವಾಗಿ ಕೇಳಿದಳು. ಹಬೀಬಾ ತಲೆಯ ಬಟ್ಟೆ ಸರಿಮಾಡಿಕೊಂಡು ಹತ್ತಿರ ಕೂತಳು.

"ಮೋಹಿನಿಯಕ್ಕ, ಜ್ವರ ಬಂದು ನಿಮ್ಮ ಅಣ್ಣ ಹೋದದ್ದನ್ನು ನಮ್ಮವರು ಕಣ್ಣಾರೆ ಕಂಡಿದ್ದಾರೆ. ಖರ್ಜೂರದ ತೋಟದ ಆಚೆ ಮರಳಿನಲ್ಲಿ ಮಣ್ಣು ಮಾಡುವಾಗ ಇವರೂ ಕೈ ಹಾಕಿದ್ದಾರೆ. ನಿಮಗೆ ಹೇಳ್ಲಿಕ್ಕೆ ಅಂತ ಬೊಕ್ಕಪಟ್ಣಕ್ಕೆ ಬಂದರು. ಆಗ ನಿಮ್ಮ ಜಗಲಿಯಲ್ಲಿ ಕಂಪೆನಿಯವ ಕೂತು ನಿಮ್ಮ ಅಣ್ಣನದೇ ಸಂಬಳ ಎಣಿಸಿ ಕೊಡ್ತಿದ್ದನಂತೆ. ಸತ್ತವರಿಗೆ ಯಾರು ಸಂಬಳ ಕೊಡ್ತಾರೆ? ನಾನೇ ಬೇರೆ ಯಾರನ್ನೋ ಕಂಡದ್ದು ಅಂತ ಹೇಳಿ ಹಿಂದೆ ಬಂದರು."

ಮೋಹಿನಿ ಅಲ್ಲಿ ಅಳಲಿಲ್ಲ. ದಾರಿಯಲ್ಲಿ, ಗೋದಾಮುಗಳ ನಡುವೆ, ಹೆಂಚು ಹೊರುವ ಕೂಲಿಗಳೆಲ್ಲ ನೋಡುವ ಹಾಗೆ ಅತ್ತಳು. ಅಣ್ಣ ಸತ್ತ ದುಃಖ ಒಂದು ಪಾಲು, ಹನ್ನೊಂದು ವರ್ಷ ಅವನಿಗೊಂದು ಎಲೆ ಹಾಕದೆ ತಾವು ಮಾತ್ರ ಉಂಡೆವಲ್ಲ ಎಂಬ ನಾಚಿಕೆ ಮೂರು ಪಾಲು.

ಮನೆಯಲ್ಲಿ ಮುದ್ದು ಅದನ್ನು ಸುಳ್ಳೆಂದಳು. ಹಬೀಬಾಳ ಗಂಡನಿಗೆ ದೂರದ್ದು ಕಾಣುತ್ತಿರಲಿಲ್ಲ ಎಂದಳು. ಆಮೇಲೆ ಮೊಮ್ಮಗನ ಕಡೆ ತಿರುಗಿ, ಬಸ್ರಾದ ಲೆಕ್ಕ ತಿಂಗಳು ತಿಂಗಳು ಬರುತ್ತದೋ ಇಲ್ಲವೋ ಎಂದು ಕೇಳಿದಳು. ಬರುತ್ತದೆ ಎಂದು ವಾಸು ಒಪ್ಪಿಕೊಳ್ಳಲೇಬೇಕಾಯಿತು. ಅದನ್ನು ನಕಲು ಮಾಡುವವನು ಅವನೇ. ಮಾವನ ಅಕ್ಷರ ಅವನಿಗೆ ಗೊತ್ತಿತ್ತು. ಅದೇ ಕೈ, ಏಳನ್ನು ಬರೆಯುವ ಅದೇ ರೀತಿ. ಎರಡು ವರ್ಷದಲ್ಲಿ ಒಂದು ಚಿತ್ತು ಕಂಡಿರಲಿಲ್ಲ, ಒಂದು ಕಾಸಿನ ವ್ಯತ್ಯಾಸ ಬಂದಿರಲಿಲ್ಲ. ಮನುಷ್ಯರಾದವರು ಹಾಗೆ ಲೆಕ್ಕ ಬರೆಯುವುದಿಲ್ಲ ಎಂದು ತನಗೆ ಒಂದೆರಡು ಸಲ ಅನಿಸಿತ್ತು ಎಂದು ಅವನು ಹೇಳಿದ.

ಹಾಗಾಗಿ ಮೂರನೆಯ ಸಲ ಅವನು ಏಜೆಂಟರ ಕೋಣೆಗೆ ಹೋದದ್ದು ಬೇಡ ಎನ್ನಲಿಕ್ಕೆ. ಲೋಕದಲ್ಲಿ ಯಾರೂ ಮಾಡದ ಚೌಕಾಸಿ ಅಲ್ಲಿ ನಡೆಯಿತು. ತಾನು ಹೋಗುವುದಿಲ್ಲ ಎಂದು ವಾಸು ಹೇಳಿದ. ಲಿಗೋರಿಯವರು ನೂರ ಮೂವತ್ತು ಎಂದರು. ಹಣದ ಮಾತಲ್ಲ ಎಂದ. ನೂರ ಐವತ್ತು ಎಂದರು. ನೂರೂ ಬೇಡ, ಐವತ್ತೂ ಬೇಡ, ಮನೆಗೆ ಬರುವ ಆ ಇಪ್ಪತ್ತನ್ನೂ ನಿಲ್ಲಿಸಿಬಿಡಿ ಎಂದು ಅವನು ಕೈ ಮುಗಿದ. ಅವರು ಇನ್ನೂ ಹತ್ತು ಸೇರಿಸಿದರು. ವಾಸುವಿಗೆ ಅಳು ಬಂತು. ಇಷ್ಟೊಂದನ್ನು ಯಾಕೆ ಕೊಡುತ್ತೀರಿ ಎಂದು ಕೇಳಿದ.

"ನಾನು ಕೊಡುವವನಲ್ಲ ಮಗ" ಎಂದರು ಲಿಗೋರಿ. ಅವರ ಹಣೆಯಲ್ಲಿ ಬೆವರಿತ್ತು. "ನಾನು ಈ ಕೋಣೆಗೆ ಬರುವ ಮೊದಲೇ ಆ ಕುರ್ಚಿ ಇತ್ತು. ಅದು ಖಾಲಿ ಇರ್ಲಿಕ್ಕೆ ಆಗುವುದಿಲ್ಲ, ಅಷ್ಟು ಮಾತ್ರ ನನಗೆ ಗೊತ್ತುಂಟು. ನಿನಗೆ ಮನಸ್ಸಿಲ್ಲದಿದ್ದರೆ ಬೇಡ, ಒತ್ತಾಯ ಇಲ್ಲ. ಕಾದು ನಮಗೆ ಅಭ್ಯಾಸ ಉಂಟು. ನಿನ್ನ ತಂಗಿಗೆ ಯಾವಾಗ ದಿನ?"

ತಂಗಿ ಬಸುರಿ ಎಂದು ಅವನು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಆ ದಿನ ಮನೆಯಲ್ಲಿ ಒಲೆ ಹೊತ್ತಿಸಲು ಸಂಜೆಯಾಯಿತು. ಹಲಸಿನ ಬೀಜ ಬೇಯಿಸಿ ಉಪ್ಪು ಹಾಕಿ ಎಲ್ಲರೂ ಒಂದೇ ತಟ್ಟೆಯಿಂದ ತಿಂದರು. ಏಜೆಂಟರು ತನ್ನ ದಿನ ವಿಚಾರಿಸಿದ್ದನ್ನು ಅಣ್ಣನಿಂದ ಕೇಳಿದ ಹರಿಣಾಕ್ಷಿ ತಿನ್ನಲಿಲ್ಲ.

"ನನ್ನ ಮಗು ಹುಟ್ಟುವ ಮೊದಲೇ ನೌಕರಿಗೆ ಸೇರಿ ಆಯ್ತಾ?" ಎಂದು ಕೇಳಿದಳು. "ಬರುವ ತಿಂಗಳಿಂದ ಆ ನೋಟು ಈ ಮನೆಗೆ ಬಂದರೆ ಅದು ಇದರ ಸಂಬಳ. ನೀವು ಉಣ್ತೀರಾದರೆ ಉಣ್ಣಿ. ನಾನು ಉಳ್ಳಾಲಕ್ಕೆ ಹೋಗಿ ಮಡಲಿನ ಕೆಳಗೆ ಹೆರ್ತೇನೆ."

ಮೋಹಿನಿ, ಆಟಿ ಮುಗಿಯುವ ಮೊದಲು ಅಣ್ಣನಿಗೆ ಎಲೆ ಹಾಕೋಣ ಎಂದಳು. ಬೊಜ್ಜ ಮಾಡಿ, ಒಳಗೆ ಕರೆದು ಬಡಿಸಿದರೆ ಸತ್ತವನು ಸತ್ತವರ ಜೊತೆ ಸೇರುತ್ತಾನೆ. ಸತ್ತವನಿಗೆ ಸಂಬಳವೂ ಇಲ್ಲ, ಕುರ್ಚಿಯೂ ಇಲ್ಲ. ಅದಕ್ಕೆ ಮುದ್ದು ಎದ್ದು ನಿಂತು ಕೂಗಾಡಿದಳು. ಹನ್ನೊಂದು ವರ್ಷ ಹೆಂಚಿನ ಕೆಳಗೆ ಬೆಚ್ಚಗೆ ಮಲಗಿ ಈಗ ಅಣ್ಣನನ್ನು ಕೊಲ್ಲಲು ಹೊರಟಿದ್ದೀಯಾ ಎಂದು ಮಗಳನ್ನು ಬೈದಳು. ಮೋಹಿನಿಯೂ ಬಿಡಲಿಲ್ಲ. ಹಸಿದು ಅಂಗಳದಲ್ಲಿ ನಿಂತವನಿಗೆ ಅನ್ನ ಹಾಕದವಳು ಎಂಥ ತಾಯಿ ಎಂದು ಕೇಳಿಬಿಟ್ಟಳು. ಅಷ್ಟು ದಿನ ಪಾತ್ರೆಯಿಂದ ಅನ್ನ ಎಲ್ಲಿಗೆ ಹೋಗುತ್ತಿತ್ತೆಂದು ಎಲ್ಲರಿಗೂ ಗೊತ್ತಿತ್ತು, ಬಾಯಿ ಬಿಟ್ಟು ಹೇಳಿದವಳು ಅವಳೊಬ್ಬಳೇ. ಆಗ ಚೆನ್ನಪ್ಪ, ಯಾವತ್ತೂ ಆ ಮನೆಯ ವಿಚಾರದಲ್ಲಿ ತೀರ್ಮಾನದ ಮಾತಾಡದವನು, ಮೆಟ್ಟಿಲ ಬಳಿ ತಾನು ಕೇಳಿದ ಕೆಮ್ಮಿನ ವಿಷಯ ಹೇಳಿದ.

"ಅತ್ತೆ, ನಾನು ಹೊರಗಿನವ. ಆದರೆ ಈ ಮಕ್ಕಳು ನನ್ನವೂ ಹೌದಲ್ಲ. ಭಾವ ಬಂದು ನಿಂತಿದ್ದಾರೆ. ಒಳಗೆ ಬಾ ಅಂತ ನೀವು ಹೇಳ್ಬೇಕು."

ಮುದ್ದು ಗೋಡೆಗೆ ಒರಗಿ ಕೂತಳು. ಅವಳಿಗೆ ಆಸೆ ಇದ್ದದ್ದು ಹಣದ ಮೇಲಲ್ಲ ಎಂದು ಆಗ ಅವರಿಗೆಲ್ಲ ತಿಳಿಯಿತು.

"ಆ ನೋಟು ಕೈಗೆ ಬಂದಾಗೆಲ್ಲ ಅವನೇ ಬಂದು ನನ್ನ ಕೈ ಮುಟ್ಟಿದ ಹಾಗೆ ಆಗ್ತಿತ್ತು ಮೋಹಿನಿ" ಎಂದಳು. "ನನಗೆ ಅಷ್ಟೇ ಇದ್ದದ್ದು."

ಅವಳು ಅತ್ತು ಮುಗಿಸುವ ತನಕ ಯಾರೂ ಏಳಲಿಲ್ಲ.

ಸಾಲಿನ ಹಿರಿಯರಾದ ಗುರಿಕಾರರನ್ನು ಕೇಳಿ ದಿನ ನೋಡಿದರು. ಬೊಜ್ಜದ ಕೆಲಸಗಳು ಹಗಲಲ್ಲಿ ಮುಗಿದವು. ಚೆನ್ನಪ್ಪ ಒಂದು ಊರಕೋಳಿ ತಂದ, ಸ್ವಲ್ಪ ಶೇಂದಿ ತಂದ. ಮೋಹಿನಿ ನೀರುದೋಸೆ ಹೊಯ್ದಳು, ಅಣ್ಣನಿಗೆ ಇಷ್ಟವೆಂದು ಕೋಳಿಸಾರಿಗೆ ಕಾಯಿಹಾಲು ಹೆಚ್ಚು ಹಾಕಿದಳು. ಮೂರುಸಂಜೆಗೆ ಮುದ್ದು ಒಂದು ಕೈಯಲ್ಲಿ ದೀಪ, ಒಂದು ಕೈಯಲ್ಲಿ ನೀರಿನ ತಂಬಿಗೆ ಹಿಡಿದು ಅಂಗಳಕ್ಕೆ ಇಳಿದಳು. ತೀರಿಹೋದವರನ್ನು ಹೆಸರು ಹಿಡಿದು ಒಳಗೆ ಕರೆಯಬೇಕಾದವರು ಮನೆಯ ಹಿರಿಯರು. ಹೆತ್ತ ತಾಯಿಗೆ ಅಂಥ ಕೆಲಸ ಬರಬಾರದು.

"ಗುರುವ, ಒಳಗೆ ಬಾ ಮಗ" ಎಂದಳು. "ಉಣ್ಲಿಕ್ಕೆ ಬಾ."

ಹಿಂದೆ ನೋಡದೆ ಅವಳು ಒಳಗೆ ನಡೆದಳು. ದೀಪದ ಕುಡಿ ಅಲುಗಲಿಲ್ಲ. ಒಳಕೋಣೆಯಲ್ಲಿ ಅವನ ಅಪ್ಪ, ಅಜ್ಜಿಯರ ಎಲೆಗಳ ಪಕ್ಕ ಹೊಸದೊಂದು ಎಲೆ ಹಾಕಿ, ಬಿಸಿ ಅನ್ನದ ಹಬೆ ಏಳುತ್ತಿರುವಾಗಲೇ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಂತರು. ಸ್ವಲ್ಪ ಹೊತ್ತಿಗೆ ಒಳಗೆ ಯಾರೋ ಗಂಟಲು ಸರಿಮಾಡಿಕೊಂಡರು. ಚೆನ್ನಪ್ಪ ಮಗನ ಮುಖ ನೋಡಿದ, ಮಗ ಅಪ್ಪನ ಮುಖ ನೋಡಿದ. ಮುದ್ದು ಮಾತ್ರ ಬಾಗಿಲಿಗೆ ಕಿವಿಯಿಟ್ಟು, ಮಗನ ಊಟ ಮುಗಿಯುವುದನ್ನು ಕಾಯುವ ತಾಯಿಯಂತೆ ಅಲ್ಲ, ತಾಯಿಯಾಗಿಯೇ ಕಾದಳು. ಬಾಗಿಲು ತೆರೆದಾಗ ಬಡಿಸಿದ್ದು ಬಡಿಸಿದ ಹಾಗೆಯೇ ಇತ್ತು. ಆದರೆ ಅಷ್ಟೊತ್ತಿಗೆ ಹೊಸ ಎಲೆಯ ಅನ್ನ ತಣ್ಣಗಾಗಿ ಹಳಸಿ ವಾಸನೆ ಬರುತ್ತಿತ್ತು. ಉಳಿದ ಎಲೆಗಳಲ್ಲಿ ಇನ್ನೂ ಹಬೆಯಾಡುತ್ತಿತ್ತು.

ಮರುದಿನ ಬೆಳಿಗ್ಗೆ ಮುದ್ದು ಒಗೆದ ಸೀರೆ ಉಟ್ಟು ಮೊಮ್ಮಗನ ಜೊತೆ ಬಂದರಿಗೆ ನಡೆದಳು. ಕಂಪೆನಿಯ ಮೆಟ್ಟಿಲನ್ನು ಅವಳು ಹತ್ತಿದ್ದು ಜನ್ಮದಲ್ಲಿ ಅದೇ ಮೊದಲು. ಲಿಗೋರಿಯವರು ಮುದುಕಿಗೆ ಗೌರವದಿಂದ ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

"ಪೊರ್ಬುಗಳೇ, ನನ್ನ ಮಗ ಮನೆಗೆ ಬಂದಿದ್ದಾನೆ" ಎಂದಳು.

ಅವರು ಯಾವಾಗ ಎಂದು ಕೇಳಿದರು.

"ನಿನ್ನೆ ಮೂರುಸಂಜೆಗೆ. ಕರೆದು ಬಡಿಸಿದೆವು, ಉಂಡ. ಈಗ ಒಳಕೋಣೆಯಲ್ಲಿ ಅವನ ಅಪ್ಪನ ಹತ್ತಿರ ಇದ್ದಾನೆ. ನಿಮ್ಮ ಕುರ್ಚಿಯಲ್ಲಿ ಅವನಿಲ್ಲ. ಇಲ್ಲದವನ ಸಂಬಳ ನಮಗೆ ಬೇಡ, ಅವನ ಹೆಸರಿನಲ್ಲಿ ನಮ್ಮ ಮನೆಯ ಯಾರೂ ಬರುವುದಿಲ್ಲ. ಇನ್ನು ಅಲ್ಲಿ ಲೆಕ್ಕ ಬರೆಯುವುದು ಯಾರು ಅಂತ ನೀವೇ ನೋಡಿಕೊಳ್ಳಿ."

ಲಿಗೋರಿಯವರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಹತ್ತು ರೂಪಾಯಿ ಸೇರಿಸುವ ಮಾತು ಅವರ ಬಾಯಿಂದ ಬರಲಿಲ್ಲ.

ಆಟಿ ಕಳೆದು ಸೋಣ ತಿಂಗಳಲ್ಲಿ ಹರಿಣಾಕ್ಷಿಗೆ ಹೆಣ್ಣು ಮಗು ಹುಟ್ಟಿತು. ವಾಸು ದಕ್ಕೆ ಕಂಪೆನಿ ಬಿಟ್ಟು ಕೊಡಿಯಾಲ್‌ಬೈಲಿನ ಒಬ್ಬ ವಕೀಲರಲ್ಲಿ ಹನ್ನೆರಡು ರೂಪಾಯಿಗೆ ಗುಮಾಸ್ತನಾದ. ಆ ಹನ್ನೆರಡನ್ನೂ ಅವನು ಕೇಳಿ, ಅವರು ಹತ್ತಕ್ಕೆ ಇಳಿಸಿ, ಇವನು ಮತ್ತೆ ಏರಿಸಿ, ಜಗಳವಾಡಿ ಪಡೆದದ್ದು. ಮನೆಗೆ ಬಂದು ಅದನ್ನು ಹೇಳುವಾಗ ಅವನಿಗೆ ಎಲ್ಲಿಲ್ಲದ ಸಮಾಧಾನವಾಗಿತ್ತು. ಮೋಹಿನಿ ಮತ್ತೆ ಮೀನು ಬುಟ್ಟಿ ಹೊತ್ತಳು. ಅಭ್ಯಾಸ ತಪ್ಪಿದ ಕುತ್ತಿಗೆ, ಸಂಜೆಗೆ ನೋಯುತ್ತಿತ್ತು. ಚೆನ್ನಪ್ಪ ಬಿಸಿನೀರು ಕಾಯಿಸಿ ಕೊಡುತ್ತಿದ್ದ. ಬೇಯಿಸಿದ ಅನ್ನ ಎಲ್ಲರಿಗೂ ಸಾಕಾಗುತ್ತಿತ್ತು, ಬೇಯಿಸುವುದೇ ಕಡಿಮೆಯಾಗಿತ್ತು.

ಮುಂದಿನ ಇಂಗ್ಲಿಷ್ ತಿಂಗಳ ಮೊದಲ ವಾರ ಇಸಿದೋರ್ ಬಂದ. ಮುದ್ದು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅವನು ಕೊಡೆ ಮಡಚಿ ಜಗಲಿಯ ತುದಿಯಲ್ಲಿ ಕೂತು, ಹೆದರಬೇಡಿ ಅಮ್ಮ, ತರಲಿಲ್ಲ ಎಂದು ಎರಡೂ ಕೈ ತೋರಿಸಿದ. ಬಸ್ರಾದ ಲೆಕ್ಕ ಆ ತಿಂಗಳು ಬರಲಿಲ್ಲವಂತೆ. ಕಂಪೆನಿಗೆ ಬಂದ ಮೇಲೆ ಅವನು ಹಾಗಾದದ್ದು ಕಂಡದ್ದೇ ಇಲ್ಲವಂತೆ. ಮಾತಿನ ನಡುವೆ ಅವನು ಮಗುವನ್ನು ನೋಡಬೇಕೆಂದ, ನೋಡಿ ಚೆನ್ನಾಗಿದೆ ಎಂದ. ಹೊರಡುವವನ ಹಾಗೆ ಕಾಣಲಿಲ್ಲ. ಮುದ್ದು ನೀರು ತರಿಸಿ ಕೊಟ್ಟಳು.

"ಮೊನ್ನೆ ಪೊರ್ಬುಗಳು ನನ್ನನ್ನು ಕೋಣೆಗೆ ಕರೆದು ಕೂತುಕೋ ಅಂದರು" ಎಂದ ಇಸಿದೋರ್. "ಇಷ್ಟು ವರ್ಷದಲ್ಲಿ ಕೂತುಕೋ ಅಂದದ್ದು ಅದೇ ಮೊದಲು. ಹನ್ನೊಂದು ವರ್ಷ ಆ ಸಂಬಳ ನಿನ್ನ ಕೈಯಲ್ಲೇ ಹೋಯಿತಲ್ಲ, ಹಾಗಾದರೆ ನೀನೂ ಆ ಕುರ್ಚಿಯವನೇ ಅಂದರು. ನಮ್ಮಲ್ಲಿ ಅಪ್ಪನದು ಮಗನಿಗೆ ಅಲ್ವಾ ಅಂತ ಕೇಳಿದರು. ನನ್ನ ದೊಡ್ಡವನಿಗೆ ಇಪ್ಪತ್ತು ದಾಟಿತು, ಲೆಕ್ಕ ಬರ್ತದೆ. ಎಷ್ಟು ಬೇಕು ಹೇಳು ಅಂದರು."

"ನೀನು ಎಂತ ಹೇಳಿದೆ?"

"ಐವತ್ತು ಕೇಳಿದೆ." ಅವನು ತಂಬಿಗೆ ಕೆಳಗಿಟ್ಟ. "ಅರವತ್ತು ಅಂದರು."

ಮುದ್ದು ಅವನ ಕೈ ಹಿಡಿದುಕೊಂಡಳು. ಕಳಿಸಬೇಡ ಇಸಿದೋರ್, ನಿನ್ನ ಕಾಲಿಗೆ ಬೀಳ್ತೇನೆ ಎಂದಳು. ಅವನಿಗೆ ಮದುವೆಗೆ ಬಂದ ಮೂವರು ಹೆಣ್ಣುಮಕ್ಕಳಿದ್ದದ್ದು, ಸೋರುವ ಮಾಡು ಇದ್ದದ್ದು ಅವಳಿಗೆ ಗೊತ್ತಿತ್ತು.

"ನೀವು ಹನ್ನೊಂದು ವರ್ಷ ಬೇಡ ಅನ್ಲಿಲ್ಲ ಅಮ್ಮ" ಎಂದ ಅವನು. ಅವನ ದನಿಯಲ್ಲಿ ಕೊಂಕು ಇರಲಿಲ್ಲ.

ಅದೇ ಅನ್ನ ಉಂಡ ಬಾಯಿ, ಏನೆಂದು ಹೇಳೀತು? ಇಸಿದೋರ್ ಮೆಲ್ಲನೆ ಕೈ ಬಿಡಿಸಿಕೊಂಡು ಎದ್ದು ಕೊಡೆ ಬಿಚ್ಚಿದ. ಮಗ ಭಾನುವಾರದ ಹಡಗಿಗೆ ಹೊರಡುತ್ತಾನೆ, ಮನೆಯ ಪಾಲು ಇಪ್ಪತ್ತೆಂದು ಮಾತಾಗಿದೆ ಎಂದ. ಬರುವ ತಿಂಗಳಿನಿಂದ ಅದನ್ನು ತಾನೇ ಕೊಂಡುಹೋಗಿ ಹೆಂಡತಿಯ ಕೈಯಲ್ಲಿಡಬೇಕು ಎಂದು ಹೇಳಿ ಮೆಟ್ಟಿಲಿಳಿದ.